ತೇರಿಗೆ ಅಚ್ಚು, ಗಾಡಿಗೆ ಬ್ರೇಕು

ಮಾಘ ಮಾಸ ಬಂದಿತೆಂದರೆ ನಮ್ಮ ಸೀಮೆಯ ದಾರಿಗಳೆಲ್ಲ ಕೊಟ್ಟೂರಿನತ್ತ ಮುಖ ಮಾಡುತ್ತವೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸದ್ಭಕ್ತರು ಶ್ರೀ ಗುರು ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವಕ್ಕೆ ಕೆಲವರು ಪಾದಯಾತ್ರೆಯಲ್ಲಿ, ಹಲವರು ಬಸ್ಸಿನಲ್ಲಿ, ಇನ್ನು ಕೆಲವರು ಮನೆಮಂದಿಯೆಲ್ಲ ಕೂಡಿ ಪಿಕಪ್ ಗಾಡಿಗಳಲ್ಲಿ ಬರುತ್ತಾರೆ. ಆ ಗಾಡಿಗಳನ್ನು ಕುರಿತೇ ಈ ತಿಂಗಳ ನಮ್ಮ ಅರಿಕೆ.

2017ರ ಫೆಬ್ರವರಿ 21ರಂದು ಕೊಟ್ಟೂರಿನ ತೇರು ಅಚ್ಚು ಮುರಿದು ಉರುಳಿದ್ದನ್ನು ಭಕ್ತರು ಮರೆತಿಲ್ಲ. ಹೂವು, ಬಾವುಟಗಳಿಂದ ಶೋಭಿಸುವ ರಥವನ್ನು ಹೊರುವುದು ಕಣ್ಣಿಗೆ ಬೀಳದ ಅಚ್ಚು. ಹಳೆಯ ಪಿಕಪ್ಪಿನ ಮಾತೂ ಅಷ್ಟೇ. ಮುಂದಿನ ಗಾಜಿನ ಮೇಲೆ ಸ್ವಾಮಿಯ ಭಾವಚಿತ್ರವಿರುತ್ತದೆ. ಆದರೆ ಗಾಡಿಯನ್ನು ನಿಲ್ಲಿಸುವುದು ಅದರ ಅಡಿಯಲ್ಲಿ ಹಾದುಹೋಗಿರುವ, ಬೆರಳಿಗಿಂತ ಸಣ್ಣದಾದ ಬ್ರೇಕಿನ ಪೈಪು.

ಪೆಡಲು ತುಳಿದಾಗ ಬ್ರೇಕ್ ಆಯಿಲಿನ ಒತ್ತಡವು ಈ ಉಕ್ಕಿನ ಪೈಪಿನ ಮೂಲಕವೇ ಚಕ್ರಗಳನ್ನು ಮುಟ್ಟುತ್ತದೆ. ವರ್ಷಗಟ್ಟಲೆ ಗೊಬ್ಬರ ಹೇರಿದ, ಕೆಸರು ಮೆತ್ತಿದ ಗಾಡಿಯಲ್ಲಿ ಅದು ಹೊರಗಿನಿಂದ ತುಕ್ಕು ಹಿಡಿಯುತ್ತದೆ. ಆಯಿಲು ಗಾಳಿಯ ತೇವವನ್ನು ಹೀರುವುದರಿಂದ ಒಳಗಿನಿಂದಲೂ ಸವೆಯಬಹುದು. ಚಕ್ರದ ಬಳಿಯ ರಬ್ಬರ್ ಪೈಪು ಬಿರುಕು ಬಿಡುತ್ತದೆ. ನಿತ್ಯದ ಮೆಲುನಡೆಯಲ್ಲಿ ತಾಳಿಕೊಂಡಿದ್ದ ಪೈಪು, ಪಾದಯಾತ್ರಿಗಳ ಸಾಲು ಎದುರಾಗಿ ಬಲವಾಗಿ ತುಳಿದ ಗಳಿಗೆಯಲ್ಲಿಯೇ ಒಡೆಯಬಹುದು.

ಪೆಡಲು ಮೆತ್ತಗಾದರೆ, ಆಯಿಲು ಪದೇ ಪದೇ ಇಳಿದರೆ, ಚಕ್ರದ ಒಳಬದಿ ಒದ್ದೆಯಾಗಿ ಕಂಡರೆ, ಮತ್ತಷ್ಟು ಆಯಿಲು ಸುರಿದು ಮುಂದೆ ಸಾಗಬಾರದು. ಸೋರುವ ಪೈಪಿಗೆ ಸುತ್ತಿದ ಟೇಪು ಆ ಒತ್ತಡವನ್ನು ತಡೆಯದು, ಪೈಪನ್ನೇ ಬದಲಿಸಬೇಕು. ದಾರಿಯಲ್ಲಿಯೇ ಬ್ರೇಕು ಕೈಕೊಟ್ಟರೆ ಪೆಡಲನ್ನು ಬೇಗಬೇಗನೆ ತುಳಿಯುತ್ತ, ಗೇರನ್ನು ಒಂದೊಂದಾಗಿ ಇಳಿಸುತ್ತ, ಕೈಬ್ರೇಕನ್ನು ಮೆಲ್ಲಗೆ ಎಳೆಯಬೇಕು. ಅದು ತಂತಿಯಿಂದ ನಡೆಯುವುದರಿಂದ ಪೈಪು ಒಡೆದರೂ ಕೆಲಸ ಮಾಡುತ್ತದೆ. ಎಂಜಿನನ್ನು ಆರಿಸಬಾರದು.

ಎಂಟು ವರ್ಷ ದಾಟಿದ ಸಾಗಣೆ ವಾಹನಕ್ಕೆ ವರ್ಷಕ್ಕೊಮ್ಮೆ ಅರ್ಹತಾ ಪತ್ರ ಪಡೆಯಬೇಕೆಂಬುದು ನಿಯಮ. ಆದರೆ ಪತ್ರ ಪಡೆದ ಮೇಲಿನ ತಿಂಗಳುಗಳಲ್ಲಿ ಗಾಡಿಯನ್ನು ನೋಡಿಕೊಳ್ಳಬೇಕಾದವನು ಮಾಲೀಕನೇ. ಗಾಡಿಯಡಿ ಮಲಗಿ ಪೈಪು ಪರೀಕ್ಷಿಸುವ ಮೇಸ್ತ್ರಿಯದೂ ಕಾಯಕವೇ. ಅದಕ್ಕೆ ಒಂದು ದಿನ, ನಾಲ್ಕು ಕಾಸು ಕೊಡಲು ಹಿಂಜರಿದು, ಸ್ವಾಮಿ ಕಾಯುತ್ತಾನೆ ಎನ್ನುವುದು ಭಕ್ತಿಯಲ್ಲ, ಅಲಕ್ಷ್ಯ.

ಸರಕಿನ ಗಾಡಿಯಲ್ಲಿ ಜನರನ್ನು ತುಂಬುವುದನ್ನು ಕಾನೂನೂ ಒಪ್ಪುವುದಿಲ್ಲ. ದಾಸೋಹದ ಅಕ್ಕಿ, ಬೇಳೆ, ಬೆಲ್ಲ ಪಿಕಪ್ಪಿನಲ್ಲಿ ಬರಲಿ; ತಾಯಂದಿರೂ ಮಕ್ಕಳೂ ಬಸ್ಸಿನಲ್ಲಿ ಬರಲಿ. ತೇರು ನೋಡಲು ಹೊರಟವರೆಲ್ಲ ತೇರು ನೋಡಿ ಮನೆಗೆ ಮರಳಲೆಂಬುದೇ ನಮ್ಮ ಪ್ರಾರ್ಥನೆ. ಶರಣು ಶರಣಾರ್ಥಿ.