ಅಣುವಿದ್ಯುತ್ತೂ ಹವಾಮಾನದ ಸಂಕಟವೂ

2047 ನೆಯ ಇಸವಿಯೊಳಗಾಗಿ ದೇಶದಲ್ಲಿ 100 ಗಿಗಾವಾಟ್ ಅಣುವಿದ್ಯುತ್ ಸಾಮರ್ಥ್ಯವನ್ನು ಸ್ಥಾಪಿಸುವದಾಗಿ ಕೇಂದ್ರ ಸರಕಾರದವರು 2025 ರ ಆಯವ್ಯಯ ಪತ್ರಿಕೆಯಲ್ಲಿ ಸಾರಿದರು. ಆಗ ದೇಶದಲ್ಲಿದ್ದುದು ಸುಮಾರು 8 ಗಿಗಾವಾಟ್ ಮಾತ್ರ. ಅದೇ ವರ್ಷದ ಡಿಸೆಂಬರಿನಲ್ಲಿ ಈ ಕ್ಷೇತ್ರದ ಬಾಗಿಲನ್ನು ಖಾಸಗಿ ಬಂಡವಾಳಗಾರರಿಗೂ ತೆರೆಯುವ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿತು. ನಮ್ಮ ನೆರೆಯ ಕೊಪ್ಪಳ ಜಿಲ್ಲೆಯಲ್ಲಿ ಅಣುಸ್ಥಾವರಕ್ಕೆ ಭೂಮಿಯನ್ನು ಗುರುತಿಸುವ ಮಾತೂ ಈಚೆಗೆ ಹೊರಟಿತು. ಹವಾಮಾನವು ಕೆಟ್ಟಿರುವ ಈ ಕಾಲಕ್ಕೆ ಅಣುವೇ ತಾರಕಮಂತ್ರವೆಂದು ಬಲ್ಲವರೆನಿಸಿಕೊಂಡವರು ಹೇಳುತ್ತಿರುವಾಗ, ಪರಿಸರವಾದಿಗಳ ಸಂದೇಹಗಳನ್ನು ಪ್ರಗತಿಯ ದ್ವೇಷವೆಂದು ತಳ್ಳಿಹಾಕುವದು ನ್ಯಾಯವಾಗದು. ಅವುಗಳನ್ನು ತೂಗಿ ನೋಡುವದು ನಮ್ಮ ಕರ್ತವ್ಯವಾಗಿದೆ.

ಮೊದಲು ಒಪ್ಪತಕ್ಕುದನ್ನು ಒಪ್ಪಿಬಿಡೋಣ. ಹವಾಮಾನದ ಸಂಕಟವು ಸುಳ್ಳಲ್ಲ. 2023 ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮುಂಗಾರಿಯ ಹೆಸರು, ಹಿಂಗಾರಿಯ ಜೋಳ ಕಡಲೆಗಳನ್ನು ನಂಬಿದ ಕೋಟುಮಚಗಿಯಂತಹ ಎರೆಭೂಮಿಯ ಊರುಗಳಿಗೆ ಮಳೆಯು ತಪ್ಪಿದರೆ ಬದುಕೇ ತಪ್ಪಿದಂತೆ. ಅಣುಸ್ಥಾವರವು ಹೊಗೆಯುಗುಳದೆಂಬುದೂ ನಿಜವು. ಒಂದು ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲು ಸುಮಾರು 820 ಗ್ರಾಂ ಇಂಗಾಲಾನಿಲವನ್ನು ಹೊರಗೆಡವಿದರೆ ಅಣುವು 12 ಗ್ರಾಂ, ಗಾಳಿಯು 11 ಗ್ರಾಂ ಹೊರಗೆಡವುವವೆಂದು ವಿಶ್ವಸಂಸ್ಥೆಯ ಹವಾಮಾನ ಮಂಡಲಿಯು 2014 ರ ವರದಿಯಲ್ಲಿ ಲೆಕ್ಕ ಕೊಟ್ಟಿದೆ. ಕೈಗಾದ ಒಂದನೆಯ ಘಟಕವು 962 ದಿನಗಳ ಕಾಲ ಎಡೆಬಿಡದೆ ನಡೆದು 2018 ರಲ್ಲಿ ಜಗತ್ತಿನ ದಾಖಲೆಯನ್ನೇ ನಿರ್ಮಿಸಿತು. ನಮ್ಮ ಇಂಜಿನಿಯರರ ದಕ್ಷತೆಯ ವಿಷಯದಲ್ಲಿ ನಮಗೆ ಹೆಮ್ಮೆಯೇ ಇದೆ. ಪ್ರಶ್ನೆಯು ದಕ್ಷತೆಯದಲ್ಲ, ಕಾಲದ್ದು, ಕಸದ್ದು, ಹೊಣೆಯದು.

ಕಾಲದ ಮಾತನ್ನು ಮೊದಲು ನೋಡೋಣ. ಕಾಳೀ ನದಿಯ ದಡದಲ್ಲಿ ಕೈಗಾದ ಕಟ್ಟಡದ ಕೆಲಸವು 1989 ರಲ್ಲಿ ಆರಂಭವಾಯಿತು. ಆ ವರ್ಷವೇ ಶ್ರೀ ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ, ಗೆಲ್ಲುವ ಆಸೆಗಲ್ಲ, ಜನರ ಕಣ್ಣು ತೆರೆಸುವದಕ್ಕಾಗಿ ಲೋಕಸಭೆಯ ಚುನಾವಣೆಗೆ ನಿಂತರು. 1994 ರ ಮೇ 13 ರಂದು, ಇನ್ನೂ ಇಂಧನವಿಲ್ಲದ ಘಟಕದ ಗುಮ್ಮಟದ ಒಳಭಾಗವು ಕುಸಿದುಬಿದ್ದಿತು. ತಲಾ 220 ಮೆಗಾವಾಟಿನ ಮೊದಲೆರಡು ಘಟಕಗಳು ಕೆಲಸಕ್ಕೆ ಬಂದದ್ದು 2000 ದಲ್ಲಿ. ಹನ್ನೊಂದು ವರ್ಷಗಳು ಕಳೆದಿದ್ದವು. ಐದು ಮತ್ತು ಆರನೆಯ ಘಟಕಗಳಿಗೆ ಕೇಂದ್ರ ಮಂತ್ರಿಮಂಡಲವು 2017 ರಲ್ಲಿ ಒಪ್ಪಿಗೆಯಿತ್ತಿತು. 2025 ಕಳೆದರೂ ಅವುಗಳಿಂದ ಒಂದು ದೀಪವೂ ಉರಿಯಲಿಲ್ಲ.

ಇದಕ್ಕೆ ಪ್ರತಿಯಾಗಿ ತುಮಕೂರು ಜಿಲ್ಲೆಯ ಪಾವಗಡವನ್ನು ನೋಡಿರಿ. 2015 ರಲ್ಲಿ ಕೈಗೊಂಡ ಸೌರವಿದ್ಯುತ್ತಿನ ಯೋಜನೆಯು 2019 ರ ಕೊನೆಗೆ 2,050 ಮೆಗಾವಾಟಿಗೆ ಮುಟ್ಟಿತು. ಒಕ್ಕಲುಮಕ್ಕಳ ಭೂಮಿಯನ್ನು ಕಿತ್ತುಕೊಳ್ಳದೆ ಗೇಣಿಗೆ ಪಡೆದರು. ಸೂರ್ಯನು ರಾತ್ರಿ ದುಡಿಯುವದಿಲ್ಲವಾದುದರಿಂದ ಆ ಅಂಕೆಯನ್ನು ನಾಲ್ಕನೆಯ ಒಂದು ಪಾಲೆಂದೇ ಹಿಡಿಯೋಣ. ಆದರೂ ಅದು ಕೈಗಾದ ಎರಡು ಘಟಕಗಳಿಗೆ ಕಡಮೆಯಾಗದು. ಮನೆಗೆ ಬೆಂಕಿ ಬಿದ್ದಾಗ ಹತ್ತಿರದ ಬಾವಿಯನ್ನು ಬಿಟ್ಟು ಹೊಸ ಬಾವಿಯನ್ನು ತೋಡಲು ಹೊರಡುವವನನ್ನು ಜಾಣನೆನ್ನಬಹುದೆ?

ಇನ್ನು ಕಸದ ಮಾತು. ಕೋಟುಮಚಗಿಯಲ್ಲಿ ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ, 1012 ನೆಯ ಇಸವಿಯ ಶಾಸನವೊಂದು ದೊರೆತಿದೆ. ಅಗ್ರಹಾರದ ಕಟ್ಟಳೆಗಳನ್ನೂ ವಿದ್ಯಾದಾನದ ಏರ್ಪಾಡನ್ನೂ ಹಿರಿಯರು ಶಾಶ್ವತವಾಗಿರಲೆಂದು ಕಲ್ಲಿನಲ್ಲಿ ಕೊರೆಯಿಸಿದರು. ಸಾವಿರ ವರ್ಷಗಳಾದವು. ಅರಸನಿಲ್ಲ, ಅಗ್ರಹಾರವಿಲ್ಲ, ಅಕ್ಷರವನ್ನು ಓದಲು ಪಂಡಿತರೇ ಬೇಕು. ಆದರೆ ಅಣುಸ್ಥಾವರದ ಒಲೆಯಲ್ಲಿ ಹುಟ್ಟುವ ಪ್ಲುಟೋನಿಯಮ್ಮಿನ ವಿಷವು ಅರ್ಧವಾಗಬೇಕಾದರೂ 24 ಸಾವಿರ ವರ್ಷಗಳು ಬೇಕು. "ಇಲ್ಲಿ ಅಗೆಯಬೇಡಿರಿ" ಎಂಬ ಎಚ್ಚರಿಕೆಯನ್ನು ಅಷ್ಟು ಕಾಲ ಕಾಯುವ ಕಲ್ಲು ಯಾವುದು? ಓದುವ ಭಾಷೆ ಯಾವುದು?

ಬಳಸಿದ ಇಂಧನವನ್ನು ಸಂಸ್ಕರಿಸಿ, ಉಳಿದುದನ್ನು ಗಾಜಿನೊಡನೆ ಬೆರೆಸಿ ಜೋಪಾನವಾಗಿ ಇಡುತ್ತೇವೆಂದು ಅಧಿಕಾರಿಗಳು ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಅದು ಇಡುವ ಮಾತೇ ಹೊರತು ಮುಗಿಯುವ ಮಾತಲ್ಲ. ಫಿನ್ಲಂಡಿನವರು ಬಂಡೆಯೊಳಗೆ 400 ಮೀಟರಿಗೂ ಆಳದಲ್ಲಿ ಗವಿಯನ್ನು ಕೊರೆದಿದ್ದಾರೆ. ನಮ್ಮಲ್ಲಿ ಸ್ಥಳವೇ ನಿಶ್ಚಯವಾಗಿಲ್ಲ. 2012 ರ ನವೆಂಬರಿನಲ್ಲಿ, ಕೂಡಂಕುಳದ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆದಿದ್ದಾಗ ಕೋಲಾರದ ಚಿನ್ನದ ಗಣಿಗಳ ಹೆಸರು ಬಂದಿತು. ಕೋಲಾರದ ಜನರು ಎದ್ದು ನಿಂತ ಕೂಡಲೆ ಅಂತಹ ಆಲೋಚನೆಯಿಲ್ಲವೆಂದು ಸರಕಾರದವರು ಹೇಳಬೇಕಾಯಿತು. ದೀಪವು ಎಲ್ಲರಿಗೂ ಬೇಕು, ಬೂದಿಯು ಯಾರಿಗೂ ಬೇಡ. ಬೂದಿಯ ಗತಿಯನ್ನು ಕಾಣಿಸದೆ ಒಲೆಯನ್ನು ಹೂಡುವದು ಗೃಹಸ್ಥನ ಲಕ್ಷಣವಲ್ಲ.

ಗಾಳಿಯೂ ಬಿಸಿಲೂ ಸದಾ ಇರುವವೆ ಎಂದು ಅಣುಪಕ್ಷದವರು ಕೇಳುತ್ತಾರೆ. ಅದು ಯೋಗ್ಯವಾದ ಪ್ರಶ್ನೆಯು. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದನ್ನು ಕಣದಲ್ಲಿಯೇ ಕಲಿತ ಗದಗು ಜಿಲ್ಲೆಯ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ತೂರಿದ ಕಾಳನ್ನು ಹಗೇವಿನಲ್ಲಿ ಕೂಡಿಡುವದನ್ನೂ ಅವನು ಬಲ್ಲನು. ಬ್ಯಾಟರಿಗಳಲ್ಲಿ, ಮೇಲಕ್ಕೆತ್ತಿದ ನೀರಿನಲ್ಲಿ ವಿದ್ಯುತ್ತನ್ನು ಕೂಡಿಡುವ ವಿದ್ಯೆಯು ದಿನದಿನಕ್ಕೆ ಬೆಳೆಯುತ್ತಿದೆ. ಇದರಲ್ಲಿಯೂ ಕೇಡಿಲ್ಲವೆಂದಲ್ಲ. ಶರಾವತಿಯ ಕಣಿವೆಯಲ್ಲಿ ಇಂತಹ ಯೋಜನೆಗೆ ಕಾಡಿನ ಕಾರಣದಿಂದ ವಿರೋಧವು ಬಂದಿದೆ. 2019 ರಲ್ಲಿ ವನ್ಯಜೀವಿಧಾಮವೆಂದು ಸಾರಲ್ಪಟ್ಟ ಕಪ್ಪತಗುಡ್ಡದ ನೆತ್ತಿಯೂ ಗಾಳಿಯಂತ್ರಕ್ಕೆ ಬಯಲು ಆಸ್ತಿಯಲ್ಲ. ಆದರೆ ಗಾಳಿಯಂತ್ರವು ಕೆಟ್ಟರೆ ಅದನ್ನು ಕಿತ್ತುಹಾಕಿ ಹೊಲವನ್ನು ಮತ್ತೆ ಹರಗಬಹುದು. 2011 ರ ಫುಕುಶಿಮಾದ ಬಳಿಕ ಊರು ಬಿಟ್ಟ ಜಪಾನದ ಒಕ್ಕಲಿಗರಲ್ಲಿ ಎಷ್ಟೋ ಜನರಿಗೆ ಆ ಭಾಗ್ಯವು ಬಹುಕಾಲ ದೊರೆಯಲಿಲ್ಲ.

ಆದುದರಿಂದ ನಮ್ಮ ಬೇಡಿಕೆಯು ಸರಳವಾಗಿದೆ. ಅಣುಸ್ಥಾವರಕ್ಕಾಗಿ ಒಂದು ಎಕರೆ ಭೂಮಿಯ ಅಳತೆಯಾಗುವ ಮೊದಲು ಸರಕಾರದವರು ನಾಲ್ಕು ಪ್ರಶ್ನೆಗಳಿಗೆ ಅಚ್ಚಗನ್ನಡದಲ್ಲಿ ಉತ್ತರವನ್ನು ಪ್ರಕಟಿಸಲಿ: ಬರಗಾಲದ ವರ್ಷದಲ್ಲಿ ಸ್ಥಾವರವನ್ನು ತಣಿಸುವ ನೀರು ಯಾವ ಹೊಳೆಯದು, ಯಾರ ಪಾಲಿನದು? ಕಸವು ಕೊನೆಗೆ ಎಲ್ಲಿ ಮಲಗುವದು? ಕಟ್ಟುವ, ಕೊನೆಗೆ ಕೆಡವುವ ವೆಚ್ಚವೆಲ್ಲ ಸೇರಿ ಯೂನಿಟ್ಟಿಗೆ ಎಷ್ಟು? ಅನಾಹುತವಾದರೆ ಕಂಪನಿಯ ಹೊಣೆಯು ಎಲ್ಲಿ ಮುಗಿದು ಬಡವನ ಹೊಣೆಯು ಎಲ್ಲಿ ಆರಂಭವಾಗುವದು? ಈ ಉತ್ತರಗಳು ಗ್ರಾಮಸಭೆಗಳ ಮುಂದೆ ಬರಲಿ. ಅಲ್ಲಿಯ ವರೆಗೆ ಬೊಕ್ಕಸದ ಮೊದಲ ರೂಪಾಯಿಯು ಬೇಗನೆ ಫಲ ಕೊಡುವ ಬಿಸಿಲಿಗೂ ಗಾಳಿಗೂ ಸಲ್ಲಲಿ.

ಇರುವ ಕೈಗಾವನ್ನು ನಾಳೆಯೇ ಮುಚ್ಚಿರೆಂದು ನಾವು ಹೇಳುವದಿಲ್ಲ. ಅದನ್ನು ಮುಚ್ಚಿ ಅದರ ಬದಲಿಗೆ ಕಲ್ಲಿದ್ದಲನ್ನು ಸುಡುವದು ಹವಾಮಾನಕ್ಕೆ ದ್ರೋಹವೇ ಆದೀತು. ಆದರೆ ಹೊಸ ಸ್ಥಾವರದ ಮಾತು ಬೇರೆ. ನಮ್ಮ ಹಿರಿಯರು ಸಾವಿರ ವರ್ಷಗಳಾಚೆಯ ನಮಗೆ ವಿದ್ಯೆಯ ಶಾಸನವನ್ನು ಬಿಟ್ಟುಹೋದರು. ಸಾವಿರ ವರ್ಷಗಳಾಚೆಯ ಮಕ್ಕಳಿಗೆ ನಾವು ಬಿಡುವದೇನೆಂಬುದನ್ನು ವಿಚಾರಿಸದೆ ಅಧಿಕಾರಿಗಳು ಸಹಿ ಹಾಕಬಾರದು, ಪ್ರಜೆಗಳೂ ಸುಮ್ಮನಿರಬಾರದು.