ಚಪ್ಪಾಳೆಗೆ ಐದು ಸಾವಿರ, ಚಿಕಿತ್ಸೆಗೆ ಕೈ ಖಾಲಿ

ಮನಸ್ಸು ಬದಲಿಸಿಕೊಂಡರೆ ಬದುಕು ಬದಲಾಗುತ್ತದೆಂದು ಶಿಬಿರ ಮಾರುವವರು ಮೊದಲು ಒಂದು ಲೆಕ್ಕ ಬಿಡಿಸಲಿ. 2025-26ರಲ್ಲಿ ರಾಜ್ಯದ ನರೇಗಾ ದಿನಗೂಲಿ 370 ರೂಪಾಯಿ. ಶಿಬಿರದ ಶುಲ್ಕ ಐದು ಸಾವಿರವೆಂದರೆ ಕೂಡ್ಲಿಗಿಯ ಕೂಲಿಕಾರರು ಹೆಚ್ಚುಕಡಿಮೆ ಹದಿನಾಲ್ಕು ದಿನ ಮಣ್ಣು ಹೊರಬೇಕು. ಹೊತ್ತು ಕೊಂಡುಕೊಳ್ಳುವುದೇನು? ಚಪ್ಪಾಳೆ ತಟ್ಟಿ, ಪಕ್ಕದವರನ್ನು ಅಪ್ಪಿಕೊಳ್ಳಿ, ನಿಮ್ಮ ಬಡತನ ನಿಮ್ಮ ಯೋಚನೆಯಲ್ಲೇ ಇದೆ ಎಂಬ ಉಪದೇಶ. ಮಳೆ ಕೈಕೊಟ್ಟದ್ದು, ಶೇಂಗಾ ಒಣಗಿದ್ದು, ಮನೆಗೆ ಬೀಗ ಹಾಕಿ ಗುಳೆ ಹೋದದ್ದು ಎಲ್ಲವೂ ಯೋಚನೆಯ ದೋಷವಂತೆ! ಹಡಗಲಿ ಸೀಮೆಯ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಮಾತಿನ ಕಾರಣಿಕ ನುಡಿಯುತ್ತಾನೆ. ಅದಕ್ಕೆ ಟಿಕೆಟ್ಟಿಲ್ಲ, ‘ಅಡ್ವಾನ್ಸ್ಡ್ ಕೋರ್ಸ್’ ಎಂಬ ಎರಡನೇ ಕಂತೂ ಇಲ್ಲ.

ಹಾಗಾದರೆ ಆಪ್ತಸಮಾಲೋಚನೆಯೂ ದುಡ್ಡು ದಂಡವೇ ಎನ್ನುವವರಿದ್ದಾರೆ. ಎರಡನ್ನೂ ಒಂದೇ ಎನ್ನಿಸುವುದೇ ಈ ವ್ಯಾಪಾರದ ಜಾಣತನ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸ್ಥಳೀಯರು ನೀಡಿದ ಕೆಲವೇ ಭೇಟಿಗಳ ಮಾತಿನ ಚಿಕಿತ್ಸೆ ತೀವ್ರ ಖಿನ್ನತೆಯನ್ನು ತಗ್ಗಿಸಿತೆಂದು 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿತು. ಚಿಕಿತ್ಸೆಗೆ ಬೆಲೆಯಿದೆ, ಆ ಬೆಲೆಯನ್ನು ರೋಗಿಯ ಜೇಬಿನಿಂದ ಕೀಳಬೇಕಾಗಿಲ್ಲ. ಇದನ್ನು ದೇಶಕ್ಕೆ ತೋರಿಸಿಕೊಟ್ಟದ್ದೇ ಈ ನೆಲ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ, ಮೂರ್ಛೆರೋಗ ಗುರುತಿಸುವುದನ್ನು ಕಲಿಸಿ, ಮಾತ್ರೆಗಳನ್ನು ಊರ ಹತ್ತಿರಕ್ಕೇ ತಂದಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ಆಗ ಅದೇ ಜಿಲ್ಲೆಯಲ್ಲಿದ್ದವು. ಆ ಮಾದರಿಯ ಮೇಲೆಯೇ 1996ರಲ್ಲಿ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎದ್ದಿತು. ಅನಂತರ ನಮಗೆ ದಕ್ಕಿದ್ದು ನಕ್ಷೆ ಬದಲಾವಣೆ: ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ಉಳಿದ ನಾಲ್ಕರೊಂದಿಗೆ ವಿಜಯನಗರಕ್ಕೆ. ಬೋರ್ಡು ಬರೆಯುವವರಿಗಂತೂ ಕೆಲಸ ಸಿಕ್ಕಿತು! ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಬಂದರೂ ತಜ್ಞ ವೈದ್ಯರಿಗಾಗಿ ಇಲ್ಲಿಯ ಜನ ಬಸ್ಸು ಹತ್ತುವುದು ತಪ್ಪಿಲ್ಲ.

ಶಿಬಿರದಿಂದ ಸಮಾಧಾನವಾದರೂ ಸಿಗುತ್ತದಲ್ಲ ಎಂಬ ವಾದ ಉಳಿಯಿತು. ಜಾತ್ರೆಯಿಂದಲೂ ಸಿಗುತ್ತದೆ. ಆದರೆ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ಸಾಮಾನ್ಯ ಮಾನಸಿಕ ಸಮಸ್ಯೆಯುಳ್ಳ ನೂರು ಜನರಲ್ಲಿ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆ 85 ಮಂದಿಯ ನಿರ್ವಾತದಲ್ಲೇ ಮೈಕು ಹಿಡಿದವರ ಅಂಗಡಿ ತೆರೆದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರ್ಕಾರಿ ಚಿಕಿತ್ಸೆಯನ್ನು ಹಕ್ಕು ಎಂದಿದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ದುಡ್ಡಿಲ್ಲದೆ ಮಾತಾಡುತ್ತದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕೆಂದೇ ‘ಮನೋಚೈತನ್ಯ’ ಯೋಜನೆ ಹುಟ್ಟಿದ್ದು. ಕಳೆದ ವರ್ಷ ಈ ಐದು ತಾಲ್ಲೂಕುಗಳಿಗೆ ಅವರು ಎಷ್ಟು ಮಂಗಳವಾರ ಬಂದರು, ಎಷ್ಟು ದಿನ ಮಾತ್ರೆ ದಾಸ್ತಾನಿತ್ತು ಎಂಬುದನ್ನು ಜಿಲ್ಲಾಡಳಿತ ಆಸ್ಪತ್ರೆಯ ಗೋಡೆಗೆ ಅಂಟಿಸಲಿ.