ಎಕೋ ರಿಪೋರ್ಟಿನ ಕ್ಯಾಲ್ಸಿಯಂ: ಹಾಲು, ರಾಗಿ ಬಿಡಬೇಡಿ, ಬಿ.ಪಿ. ನೋಡಿಸಿ



ಎಕೋ ರಿಪೋರ್ಟಿನಲ್ಲಿ 'ಮೈಟ್ರಲ್ ಆನ್ಯುಲರ್ ಕ್ಯಾಲ್ಸಿಫಿಕೇಷನ್' ಅಂತ ಬರೆದಿದ್ದರೆ ಮನೆಯಲ್ಲಿ ಮೊದಲು ನಿಲ್ಲುವುದು ಹಾಲು, ಆಮೇಲೆ ರಾಗಿ ಅಂಬಲಿ. ಹೈದರಾಬಾದಿನ ನನ್ನ ಒಪಿಡಿಗೆ ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬರುವ ಹಿರಿಯರಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಕೆಲವರು ಬೋರ್‌ವೆಲ್ ನೀರನ್ನೂ ಬೈಯುತ್ತಾರೆ. ಬಿ.ಪಿ. ಮಾತ್ರೆ ನಿಲ್ಲಿಸಿ ಎಷ್ಟು ದಿನವಾಯಿತು ಎಂದು ಕೇಳಿದರೆ ಮಾತ್ರ ಉತ್ತರ ತಡವಾಗಿ ಬರುತ್ತದೆ.

ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲು ಮೈಟ್ರಲ್ ಕವಾಟ. ಬಾಗಿಲಿಗೆ ಚೌಕಟ್ಟು ಇರುವಂತೆ ಅದರ ಸುತ್ತ ನಾರಿನ ಉಂಗುರವಿದೆ. ವರ್ಷಗಟ್ಟಲೆ ಹೆಚ್ಚಿನ ಒತ್ತಡ ತಡೆದು ಆ ಉಂಗುರಕ್ಕೆ ಪೆಟ್ಟಾಗುತ್ತದೆ, ಕೊಬ್ಬು ಸೇರುತ್ತದೆ, ಉರಿಯೂತ ಶುರುವಾಗುತ್ತದೆ. ಆಗ ಅಲ್ಲಿನ ಕೆಲವು ಜೀವಕೋಶಗಳು ಮೂಳೆ ಕಟ್ಟುವ ಕೋಶಗಳಂತೆ ವರ್ತಿಸುತ್ತವೆ. ಕ್ಯಾಲ್ಸಿಯಂ ಕೂರುವುದು ಹೀಗೆ. ಗಡಸು ನೀರಿನಿಂದ ಗೀಸರಿನೊಳಗೆ ಬಿಳಿ ಪದರ ಕಟ್ಟಿದ ಹಾಗಲ್ಲ.

ಯಾರಿಗೆ ಹೆಚ್ಚು? ವಯಸ್ಸಾದವರಿಗೆ, ಅದರಲ್ಲೂ ಹೆಂಗಸರಿಗೆ. ಇದನ್ನು ಬದಲಿಸಲಾಗದು. ಸಕ್ಕರೆ ಕಾಯಿಲೆ, ಬೊಜ್ಜು, ಬೀಡಿ-ಸಿಗರೇಟು ಕೂಡ ಕಾರಣಗಳೇ. ಆದರೆ ನನ್ನ ಜಗಳವೆಲ್ಲ ಬಿ.ಪಿ. ಮತ್ತು ಕಿಡ್ನಿಯ ಬಗ್ಗೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇ. 35.5 ಮಂದಿಗೆ ಬಿ.ಪಿ. ಇದೆ, ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆ. ಈ ಎರಡೂ ಸದ್ದಿಲ್ಲದೆ ಕಿಡ್ನಿಯನ್ನು ಕೆಡಿಸುತ್ತವೆ. ಕಿಡ್ನಿ ಸೋತರೆ ರಕ್ತದಲ್ಲಿ ರಂಜಕ ಉಳಿಯುತ್ತದೆ, ಆ ರಂಜಕವೇ ಕ್ಯಾಲ್ಸಿಯಂ ಜೊತೆ ಸೇರಿ ಕವಾಟದಲ್ಲೂ ರಕ್ತನಾಳದಲ್ಲೂ ಗಟ್ಟಿಯಾಗುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಇದು ಚಿಕ್ಕ ವಯಸ್ಸಿಗೇ ಕಾಣುವುದು ಅದಕ್ಕೇ.

ಇನ್ನು ಊಟದ ಮಾತು. ಇಲ್ಲೇ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು ಎನ್ನುತ್ತದೆ. 100 ಗ್ರಾಂ ರಾಗಿಯಲ್ಲಿ ಸಿಗುವುದು ಸುಮಾರು 364 ಮಿ.ಗ್ರಾಂ. ಅದನ್ನೂ ಬಿಟ್ಟರೆ ಸವೆಯುವುದು ಅಮ್ಮನ ಮೂಳೆ, ಕವಾಟಕ್ಕೆ ಲಾಭವಿಲ್ಲ. ಕ್ಯಾಲ್ಸಿಯಂ ಮಾತ್ರೆಯ ಮಾತು ಬೇರೆ. ಅಂಗಡಿಯಿಂದ ನೀವೇ ತಂದು ನುಂಗುತ್ತಿದ್ದರೆ, ಅದರಲ್ಲೂ ಕಿಡ್ನಿ ತೊಂದರೆ ಇದ್ದರೆ, ವೈದ್ಯರನ್ನು ಕೇಳದೆ ಮುಂದುವರಿಸಬೇಡಿ. ಅವರೇ ಬರೆದುಕೊಟ್ಟಿದ್ದರೆ ಕೇಳದೆ ನಿಲ್ಲಿಸಲೂಬೇಡಿ.

ಕ್ಯಾಲ್ಸಿಯಂ ಕರಗಿಸುವ ಕಷಾಯ ಅಂತ ಫಾರ್ವರ್ಡ್ ಬಂದರೆ ನಂಬಬೇಡಿ. ಕೂತದ್ದನ್ನು ಕರಗಿಸುವ ಔಷಧ ಇವತ್ತಿಗೂ ಇಲ್ಲ, ನನ್ನ ಬಳಿಯೂ ಇಲ್ಲ! ಸ್ವಲ್ಪವೇ ಇದ್ದರೆ ಕವಾಟಕ್ಕೆ ಚಿಕಿತ್ಸೆಯೇ ಬೇಡ. ಹಾಗಂತ ರಿಪೋರ್ಟನ್ನು ಬೀರುವಿನಲ್ಲಿಟ್ಟು ಮರೆಯುವಂತೆಯೂ ಇಲ್ಲ. ಉಂಗುರದಲ್ಲಿ ಕ್ಯಾಲ್ಸಿಯಂ ಇದ್ದವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಎರಡು ಪಟ್ಟು ಎಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1992ರಲ್ಲೇ ತೋರಿಸಿದೆ. ಕ್ಯಾಲ್ಸಿಯಂ ಒಂದು ಗುರುತು. ಒಳಗೆ ರಕ್ತನಾಳಗಳೂ ಹೀಗೇ ಸವೆದಿರಬಹುದು ಎಂದು ಅದು ಹೇಳುತ್ತಿದೆ.

ಆದ್ದರಿಂದ ಈ ವಾರವೇ ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್, ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ನೋಡಿಸಿ. ನಾಡಿ ಏರುಪೇರಾಗಿದ್ದರೆ ಇಸಿಜಿ ಮಾಡಿಸಿ. ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ, ತಲೆಸುತ್ತಿ ಬಿದ್ದರೆ ಮುಂದಿನ ಎಕೋ ತಾರೀಖಿಗೆ ಕಾಯದೆ ತಕ್ಷಣ ಬನ್ನಿ.